ಗುಡ್ಡವನ್ನು ಮಾಡಿದವರು ಯಾರು?

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅಲ್ಲಿಯ ಮಂಜು, ಹೂವಿನ ತೋಟ, ಹೆಬ್ಬೆ ಜಲಪಾತ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರ. ಆದರೆ ಆ ಹೆಸರಿನಲ್ಲಿ ತೋಟದ ಸುಳಿವಿಲ್ಲ, ಅರಸರ ಸುಳಿವೂ ಇಲ್ಲ. ಮಣ್ಣು, ಅದರ ಬಣ್ಣ, ಒಂದು ಗುಂಡಿ, ಇಷ್ಟೇ ಅದರಲ್ಲಿರುವುದು. ಹಿಂದಿನವರು ಯಾರೋ ಕಣ್ಣಿಗೆ ಕಂಡದ್ದನ್ನು ಕಂಡಂತೆಯೇ ಹೇಳಿ ಹೋಗಿದ್ದಾರೆ. ಮಗುವೊಂದು ಇಟ್ಟ ಹೆಸರಿನಷ್ಟು ನೇರವಾಗಿದೆ ಅದು.

ಬಾಬಾ ಬುಡನ್ ಗಿರಿಶ್ರೇಣಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿರುವ ಈ ಬೆಟ್ಟಕ್ಕೆ ಇನ್ನೊಂದು ಚರಿತ್ರೆಯೂ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಭದ್ರಾವತಿಯಲ್ಲಿ ಎದ್ದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ, ಅದಕ್ಕೆ ಅದಿರು ಬಂದದ್ದು ಈ ಬೆಟ್ಟದಿಂದ. ತೂಗುಹಗ್ಗದ ತೊಟ್ಟಿಲುಗಳಲ್ಲಿ ಇಳಿದ ಕಲ್ಲು ಭದ್ರಾವತಿಯ ಕುಲುಮೆಯನ್ನು ಸೇರುತ್ತಿತ್ತು. ಹೀಗಾಗಿ ಒಂದೇ ಬೆಟ್ಟಕ್ಕೆ ಎರಡು ಬಗೆಯ ಮಾತು ಹುಟ್ಟಿಕೊಂಡಿತು. ಊರಿನವರ ಬಾಯಲ್ಲಿ ಅದು ಕೆಮ್ಮಣ್ಣು. ಕಾರ್ಖಾನೆಯ ಎಂಜಿನಿಯರ ಕಡತದಲ್ಲಿ ಕಬ್ಬಿಣದ ಅದಿರು. ಮೊದಲನೆಯ ಮಾತನ್ನು ಮಗು ಮನೆಯಲ್ಲಿ ಕಲಿಯುತ್ತದೆ, ಎರಡನೆಯದನ್ನು ಶಾಲೆಯಲ್ಲಿ. ಮೊದಲನೆಯ ಮಾತಿನಿಂದ ಎರಡನೆಯ ಮಾತಿಗೆ ಮಗುವಿನ ಬುದ್ಧಿ ಹೇಗೆ ನಡೆದುಹೋಗುತ್ತದೆ, ಆ ನಡಿಗೆಯನ್ನು ಹಿರಿಯರಾದ ನಾವು ಎಷ್ಟು ತಡವಾಗಿ ಗಮನಿಸಿದೆವು ಎಂಬುದೇ ಈ ಹೊತ್ತಿನ ನನ್ನ ವಿಷಯ.

ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಈ ಬೆಟ್ಟಕ್ಕೆ ಬರುವುದುಂಟು. ಐದಾರು ವರ್ಷದ ಮಗುವೊಂದು 'ಇಲ್ಲಿ ಮಣ್ಣು ಯಾಕೆ ಕೆಂಪಗಿದೆ?' ಎಂದು ಕೇಳಿತೆನ್ನಿ. 'ನೀನೇ ಹೇಳು ನೋಡೋಣ' ಎಂದು ತಿರುಗಿ ಕೇಳಿದರೆ ಅದು ಸುಮ್ಮನಿರುವುದು ಅಪರೂಪ. 'ಯಾರೋ ಬಣ್ಣ ಹಾಕಿದ್ದಾರೆ' ಎನ್ನಬಹುದು. 'ಹೂವು ಚೆನ್ನಾಗಿ ಕಾಣಲಿ ಅಂತ' ಎನ್ನಬಹುದು. ನಾವು ನಕ್ಕು ಮುಂದೆ ಹೋಗುತ್ತೇವೆ. ಆ ನಗುವಿನಲ್ಲಿ ಅಕ್ಕರೆ ಉಂಟು, ನಿಜ. ಜೊತೆಗೆ ಒಂದು ಅಸಡ್ಡೆಯೂ ಉಂಟು. ಮಗುವಿಗೆ ತಿಳಿಯದು, ತಿಳಿದವರು ನಾವು, ನಮ್ಮ ತಿಳಿವಳಿಕೆಯನ್ನು ಅದರ ತಲೆಗೆ ತುಂಬಿದರೆ ಕೆಲಸ ಮುಗಿಯಿತು ಎಂಬ ಭಾವನೆ ಅದರ ಹಿಂದಿದೆ. ಈ ಭಾವನೆ ಬಹಳ ಹಳೆಯದು. ಅದು ಸಡಿಲವಾದದ್ದು ತೀರ ಈಚೆಗೆ.

ಮಕ್ಕಳ ವಯಸ್ಸಿನಲ್ಲಿ ಮೆಟ್ಟಿಲುಗಳಿವೆ ಎಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯೇನೂ ಅಲ್ಲ. ಐದು ವರ್ಷದವರೆಗೆ ಮುದ್ದಿಸಬೇಕು, ಮುಂದಿನ ಹತ್ತು ವರ್ಷ ಶಿಕ್ಷಿಸಬೇಕು, ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕು ಎಂಬ ಅರ್ಥದ ಸುಭಾಷಿತವನ್ನು ಕೇಳದವರು ವಿರಳ. ಅಕ್ಷರಾಭ್ಯಾಸಕ್ಕೆ ಒಂದು ವಯಸ್ಸು, ಉಪನಯನಕ್ಕೆ ಇನ್ನೊಂದು ವಯಸ್ಸು ಎಂದು ಗೃಹ್ಯಸೂತ್ರಗಳೂ ಸಂಪ್ರದಾಯವೂ ಗೊತ್ತುಮಾಡಿದ್ದವು. ಆದರೆ ಆ ಕಟ್ಟಳೆ ಎಲ್ಲ ಮಕ್ಕಳನ್ನೂ ಕುರಿತದ್ದಾಗಿರಲಿಲ್ಲ. ಹೆಣ್ಣುಮಕ್ಕಳೂ ಬಹುಪಾಲು ಜಾತಿಗಳ ಮಕ್ಕಳೂ ಅದರ ಹೊರಗಿದ್ದರು. ಅಷ್ಟೇ ಅಲ್ಲದೆ, ಯಾವ ವಯಸ್ಸಿನಲ್ಲಿ ಮಗುವಿಗೆ ಏನು ಮಾಡಬೇಕೆಂಬುದನ್ನು ಅದು ಹೇಳುತ್ತಿತ್ತು. ಆ ವಯಸ್ಸಿನ ಮಗು ಲೋಕವನ್ನು ಹೇಗೆ ಕಾಣುತ್ತದೆ ಎಂದು ಮಗುವನ್ನೇ ಕೇಳುವ ಪ್ರಮೇಯ ಅಲ್ಲಿರಲಿಲ್ಲ. ಕೂಲಿಮಠದ ಮರಳಿನ ಮೇಲೆ ಅಕ್ಷರ ತಿದ್ದುತ್ತ, ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತ ಬೆಳೆದ ಮಕ್ಕಳ ನೆನಪಿನ ಶಕ್ತಿ ದೊಡ್ಡದು. ಅವರಿಗೆ ಏನು ಅರ್ಥವಾಯಿತು ಎಂದು ಯಾರೂ ಬರೆದಿಡಲಿಲ್ಲ.

ಯೂರೋಪಿನ ಮಾತೂ ಹೆಚ್ಚು ಬೇರೆಯಲ್ಲ. 1762ರಲ್ಲಿ ರೂಸೋ 'ಎಮಿಲ್' ಬರೆದು, ಬಾಲ್ಯಕ್ಕೆ ತನ್ನದೇ ಆದ ನೋಟ ಉಂಟೆಂದು ಸಾರಿದ. 1877ರಲ್ಲಿ ಚಾರ್ಲ್ಸ್ ಡಾರ್ವಿನ್, ಹಲವು ವರ್ಷಗಳ ಹಿಂದೆ ತನ್ನ ಚೊಚ್ಚಲ ಮಗನ ಬೆಳವಣಿಗೆಯನ್ನು ಕುರಿತು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಪ್ರಕಟಿಸಿದ. 1905ರಲ್ಲಿ ಪ್ಯಾರಿಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬವರು, ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ನೆರವಾಗಲೆಂದು, ಬುದ್ಧಿಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಇಂತಿಂಥ ಪ್ರಶ್ನೆಗೆ ಇಂತಿಂಥ ವಯಸ್ಸಿನ ಮಕ್ಕಳು ಸರಿಯುತ್ತರ ಕೊಡಬಲ್ಲರು ಎಂಬುದು ಅದರ ಲೆಕ್ಕ.

ಪ್ಯಾರಿಸಿನಲ್ಲಿ ಈ ಲೆಕ್ಕದ ಕೆಲಸಕ್ಕೆ ತೊಡಗಿದ ತರುಣನೊಬ್ಬ ಲೆಕ್ಕವನ್ನೇ ತಲೆಕೆಳಗು ಮಾಡಿದ. ಆತ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. 1896ರಲ್ಲಿ ಹುಟ್ಟಿದ ಪಿಯಾಜೆ ಹುಡುಗತನದಲ್ಲಿ ಕೆರೆಗಳ ಬಸವನಹುಳುಗಳನ್ನು ಅಭ್ಯಾಸ ಮಾಡಿ ಜೀವಶಾಸ್ತ್ರಜ್ಞನೆನಿಸಿದವನು. ಸರಿಯುತ್ತರಗಳನ್ನು ಎಣಿಸುತ್ತಿದ್ದಾಗ ಅವನ ಕಣ್ಣು ತಪ್ಪುತ್ತರಗಳ ಮೇಲೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಮಾಡುವ ತಪ್ಪು ಬಹುತೇಕ ಒಂದೇ ಬಗೆಯದು! ಹಾಗಿದ್ದರೆ ಅದು ಅಜ್ಞಾನವಲ್ಲ, ಅದರ ಹಿಂದೆ ಒಂದು ತರ್ಕವಿರಬೇಕು ಎಂದು ಅವನಿಗೆ ಹೊಳೆಯಿತು. 1921ರಲ್ಲಿ ಜಿನೀವಾದ ರೂಸೋ ಸಂಸ್ಥೆಯನ್ನು ಸೇರಿದ ಮೇಲೆ, ಮಕ್ಕಳ ಎದುರಿಗೆ ಕುಳಿತು ಪ್ರಶ್ನೆ ಕೇಳುವುದೂ, ಅವರ ಉತ್ತರದ ಎಳೆಯನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವುದೂ ಅವನ ಜೀವಮಾನದ ಕಾಯಕವಾಯಿತು.

ಜಿನೀವಾ ನಗರದ ಪಕ್ಕದಲ್ಲಿ ಸಲೇವ್ ಎಂಬ ಬೆಟ್ಟವಿದೆ. ಅದರಲ್ಲಿ ದೊಡ್ಡ ಸಲೇವ್, ಚಿಕ್ಕ ಸಲೇವ್ ಎಂದು ಎರಡು ಭಾಗ. ದೊಡ್ಡದೊಂದು ಚಿಕ್ಕದೊಂದು ಯಾಕಿದೆ ಎಂದು ಪಿಯಾಜೆ ಮಕ್ಕಳನ್ನು ಕೇಳಿದ. ದೊಡ್ಡದು ದೂರ ನಡೆಯುವವರಿಗೆ, ಚಿಕ್ಕದು ಸ್ವಲ್ಪ ನಡೆಯುವವರಿಗೆ ಎಂಬ ಧಾಟಿಯ ಉತ್ತರಗಳು ಬಂದವು. ಬೆಟ್ಟವನ್ನು ಯಾರೋ ಮಾಡಿದ್ದಾರೆ, ಮನುಷ್ಯರ ಉಪಯೋಗಕ್ಕಾಗಿಯೇ ಮಾಡಿದ್ದಾರೆ. ಇಲ್ಲವೆ ಕಲ್ಲನ್ನು ನೆಟ್ಟಾಗ ಅದು ಬೆಳೆದು ಬೆಟ್ಟವಾಗಿದೆ! 1926ರಲ್ಲಿ ಪ್ರಕಟವಾದ, ಮಗುವಿನ ಲೋಕಕಲ್ಪನೆಯನ್ನು ಕುರಿತ ಅವನ ಗ್ರಂಥದಲ್ಲಿ ಇಂಥ ಸಂವಾದಗಳು ತುಂಬಿವೆ. ಸಲೇವ್ ಬೆಟ್ಟದ ಮಗುವಿಗೂ ನಮ್ಮ ಕೆಮ್ಮಣ್ಣಿನ ಬೆಟ್ಟದ ಮಗುವಿಗೂ ಇರುವ ನಂಟು ಕೇಳುಗರಿಗೆ ಈಗ ಹೊಳೆದಿರಬಹುದು. ತನ್ನ ಅಂಗಿಯನ್ನು ಯಾರೋ ಹೊಲಿದರು, ತನ್ನ ಅನ್ನವನ್ನು ಯಾರೋ ಬೇಯಿಸಿದರು, ಎಲ್ಲವೂ ತನಗಾಗಿ ನಡೆಯಿತು. ಅಂದ ಮೇಲೆ ಬೆಟ್ಟವೂ ಹಾಗೆಯೇ ಆಗಿರಬೇಕಲ್ಲವೆ? ತನಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದನ್ನು ಊಹಿಸುವುದು ತರ್ಕವಲ್ಲದೆ ಮತ್ತೇನು?

ಪಿಯಾಜೆ ಗುರುತಿಸಿದ ಮೆಟ್ಟಿಲುಗಳು ನಾಲ್ಕು. ಹುಟ್ಟಿನಿಂದ ಸುಮಾರು ಎರಡು ವರ್ಷದವರೆಗೆ ಕೂಸು ಕೈಯಿಂದ, ಬಾಯಿಂದ, ಕಣ್ಣಿಂದ ಯೋಚಿಸುತ್ತದೆ. ಐದು ತಿಂಗಳ ಕೂಸಿನ ಎದುರಿಗಿದ್ದ ಗಿಲಕಿಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕುವುದಿಲ್ಲ. ಒಂಬತ್ತು ಹತ್ತು ತಿಂಗಳಿಗೆ ಬಟ್ಟೆಯನ್ನು ಎಳೆದುಹಾಕುತ್ತದೆ. ಸೆರಗಿನ ಮರೆಯಲ್ಲಿ ಮುಖ ಅಡಗಿಸಿ ತೆಗೆಯುವ ಅಮ್ಮನ ಆಟಕ್ಕೆ ಕೂಸು ಕೇಕೆ ಹಾಕುವುದರಲ್ಲಿ ಒಂದು ದೊಡ್ಡ ಶೋಧದ ಸಂತೋಷವಿದೆ. ಕಾಣದ್ದೂ ಇದೆ ಎಂಬ ಶೋಧ ಅದು.

ಎರಡರಿಂದ ಏಳರ ತನಕ ಮಾತು, ಆಟ, ಕಲ್ಪನೆಗಳ ಸುಗ್ಗಿ. ಬೆಣಚುಕಲ್ಲು ಅನ್ನವಾಗುತ್ತದೆ, ಎಲೆ ರೂಪಾಯಿಯಾಗುತ್ತದೆ. ಆದರೆ ಎರಡು ಸಮನಾದ ಲೋಟಗಳಲ್ಲಿ ಸಮನಾಗಿ ಹಾಲು ಹಾಕಿ, ಒಂದರ ಹಾಲನ್ನು ಮಗುವಿನ ಕಣ್ಣೆದುರಿಗೇ ಎತ್ತರದ ಕಿರಿದಾದ ಪಾತ್ರೆಗೆ ಬಗ್ಗಿಸಿದರೆ, ನಾಲ್ಕೈದು ವರ್ಷದ ಮಗು ಎತ್ತರದ್ದರಲ್ಲಿಯೇ ಹಾಲು ಹೆಚ್ಚೆಂದು ಹಟ ಹಿಡಿಯುತ್ತದೆ. ಏಳರ ಆಸುಪಾಸಿನಲ್ಲಿ ಅದೇ ಮಗು, 'ಮತ್ತೆ ಇದಕ್ಕೇ ಹಾಕಿದರೆ ಅಷ್ಟೇ ಇರತ್ತಲ್ಲ' ಎಂದು ನಮಗೇ ಪಾಠ ಹೇಳುತ್ತದೆ. ಮಾಡಿದ್ದನ್ನು ಮನಸ್ಸಿನಲ್ಲಿಯೇ ಹಿಂದಕ್ಕೆ ತಿರುಗಿಸುವ ಶಕ್ತಿ ಬಂದಿತೆಂದು ಅರ್ಥ. ಮೂರನೆಯ ಈ ಮೆಟ್ಟಿಲಲ್ಲಿ ಮಗು ಎಣಿಸುತ್ತದೆ, ವಿಂಗಡಿಸುತ್ತದೆ, ಸಾಲಾಗಿ ಜೋಡಿಸುತ್ತದೆ. ಆದರೆ ಕಣ್ಣೆದುರಿಗೆ ವಸ್ತುವಿರಬೇಕು. ಹನ್ನೊಂದು ಹನ್ನೆರಡರ ಮೇಲೆ, ಇಲ್ಲದ್ದನ್ನೂ ಊಹಿಸಿ ತರ್ಕಿಸುವ ನಾಲ್ಕನೆಯ ಮೆಟ್ಟಿಲು. 'ಈ ಬೆಟ್ಟದಲ್ಲಿ ಕಬ್ಬಿಣವೇ ಇಲ್ಲದಿದ್ದರೆ ಭದ್ರಾವತಿಯ ಚರಿತ್ರೆ ಏನಾಗುತ್ತಿತ್ತು?' ಎಂಬ ಪ್ರಶ್ನೆಯ ರುಚಿ ತಿಳಿಯುವುದು ಆಗ.

ಗೋಲಿಯಾಟವನ್ನೂ ಪಿಯಾಜೆ ಬಿಡಲಿಲ್ಲ. 1932ರ ಗ್ರಂಥವೊಂದರಲ್ಲಿ, ಗೋಲಿಯಾಡುವ ಹುಡುಗರನ್ನು ಆಟದ ನಿಯಮಗಳ ಬಗೆಗೆ ಅವನು ಕೇಳಿದ ಪ್ರಶ್ನೆಗಳಿವೆ. ಚಿಕ್ಕವರ ಪಾಲಿಗೆ ನಿಯಮವೆಂಬುದು ಹಿರಿಯರಿಂದಲೋ ದೇವರಿಂದಲೋ ಬಂದದ್ದು, ಬದಲಿಸಬಾರದು. ಹತ್ತು ಹನ್ನೊಂದು ವರ್ಷದವರ ಪಾಲಿಗೆ ಅದು ಆಡುವವರೆಲ್ಲ ಒಪ್ಪಿ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದು. ಬೀದಿಯ ಮಕ್ಕಳು ಕುಂಟೆಬಿಲ್ಲೆಯ ಗೆರೆಗಾಗಿ ಜಗಳವಾಡುವುದನ್ನು ಕಂಡು ಗದರಿಸುವ ಮುನ್ನ ನಾವು ಒಂದು ಗಳಿಗೆ ನಿಂತು ಕೇಳುವುದೊಳ್ಳೆಯದು. ನ್ಯಾಯವೆಂಬ ಭಾವನೆ ಅಲ್ಲಿ ಚಿಗುರುತ್ತಿರುತ್ತದೆ.

ಜಿನೀವಾದಲ್ಲಿ ಇದು ನಡೆಯುತ್ತಿದ್ದ ಕಾಲಕ್ಕೆ ನಮ್ಮ ನಾಡೂ ಸುಮ್ಮನಿರಲಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಭಾರತದಲ್ಲಿ ಕಲ್ಕತ್ತೆಯ ನಂತರದ್ದು ಅದೇ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್ಮನ್ನರಲ್ಲಿ ಅಭ್ಯಾಸ ಮಾಡಿ ಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಅಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದರು. ಬಾನುಲಿಯ ಕೇಳುಗರಿಗೆ ಈ ಹೆಸರು ಇನ್ನೊಂದು ಕಾರಣಕ್ಕಾಗಿ ಪರಿಚಿತ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಪ್ರಸಾರಯಂತ್ರವನ್ನು ಹೂಡಿ ಬಾನುಲಿ ಕೇಂದ್ರ ನಡೆಸಿದವರು ಅವರೇ. 'ಆಕಾಶವಾಣಿ' ಎಂದು ಹೆಸರು ಪಡೆದದ್ದು ಆ ಕೇಂದ್ರ. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ಸಂದಿತು. ಮನಸ್ಸನ್ನು ಅರಿಯುವ ವಿದ್ಯೆಯೂ ಮನೆಮನೆಗೆ ಮಾತು ಮುಟ್ಟಿಸುವ ವಿದ್ಯೆಯೂ ಮೈಸೂರಿನಲ್ಲಿ ಒಬ್ಬರೇ ಅಧ್ಯಾಪಕರ ಆಸರೆಯಲ್ಲಿ ಬೇರೂರಿದವು.

ಅತ್ತ ಉತ್ತರದಲ್ಲಿ ವಿ. ವಿ. ಕಾಮತರು ಬಿನೆಯ ಪ್ರಶ್ನಾವಳಿಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸುವ ಕೆಲಸ ಮಾಡಿದರು. 1934ರಲ್ಲಿ ಅದರ ವರದಿಯೂ 1940ರಲ್ಲಿ ಗ್ರಂಥವೂ ಪ್ರಕಟವಾದವು. ಮುಂಬಯಿ–ಕರ್ನಾಟಕ ಪರಿಷ್ಕರಣ ಎಂದು ಹೆಸರಾದ, 'ಬಿನೆ–ಕಾಮತ್' ಎಂದೇ ಇಂದಿಗೂ ಬಳಕೆಯಲ್ಲಿರುವ ಪರೀಕ್ಷೆ ಅದು. ಪ್ಯಾರಿಸಿನ ಮಗುವಿಗೆ ತೋರಿಸುವ ಚಿತ್ರ ಧಾರವಾಡದ ಮಗುವಿಗೆ ಅರ್ಥವಾಗದಿದ್ದರೆ ಅದು ಮಗುವಿನ ದಡ್ಡತನವಲ್ಲ, ಚಿತ್ರದ ದೋಷ ಎಂಬ ಸರಳ ಸತ್ಯ ಇಂಥ ಕೆಲಸದ ಅಡಿಪಾಯ. ಆದರೂ ಅಂದಿನ ಮಕ್ಕಳ ಅಳತೆಗೋಲಿನಿಂದ ಇಂದಿನ ಮಕ್ಕಳನ್ನು ಅಳೆಯಬಹುದೆ ಎಂಬ ಆಕ್ಷೇಪಣೆಯೂ ನ್ಯಾಯವಾದದ್ದೇ.

ಶಾಸ್ತ್ರಜ್ಞರಿಗಿಂತ ಮೊದಲೇ, ಅಥವಾ ಅವರ ಜೊತೆಜೊತೆಗೆ, ಸಾಹಿತಿಗಳೂ ಮಗುವಿನ ಎತ್ತರಕ್ಕೆ ಬಾಗಿ ನೋಡಿದ್ದರು. ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಬರೆದ ಪದ್ಯಗಳಲ್ಲಿ ಉಪದೇಶ ಹಿಂದೆ ಸರಿದು ಹಾವು, ಕೋಳಿಗಳು ಮುಂದೆ ಬಂದವು. ಇದೇ ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು ಕಿಂದರಿಜೋಗಿಯನ್ನು ಕನ್ನಡದ ಊರೊಂದಕ್ಕೆ ಕರೆತಂದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದ್ದಲ್ಲದೆ, 1930ರ ದಶಕದಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಒಬ್ಬರೇ ರಚಿಸಿದರು. ಮಗುವಿನ 'ಯಾಕೆ?' ಎಂಬ ಪ್ರಶ್ನೆಗೆ ಗೌರವ ಕೊಟ್ಟು, ಕನ್ನಡದಲ್ಲಿಯೇ ಉತ್ತರ ಹೇಳಲು ಹೊರಟ ಸಾಹಸ ಅದು. ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು (1928–1963) ಕಾದಂಬರಿಗಳ ಮೂಲಕ ಆ ಶಾಸ್ತ್ರದ ಕಣ್ಣನ್ನು ನಮ್ಮ ಮನೆಗಳ ಒಳಗೇ ತಂದರು.

ಪಿಯಾಜೆ ಹೇಳಿದ್ದೇ ಕೊನೆಯ ಮಾತಾಗಲಿಲ್ಲ. ಅವನ ಪ್ರಯೋಗಗಳನ್ನು ಮತ್ತೆ ಪರಿಶೀಲಿಸಿದವರಲ್ಲಿ ಸ್ಕಾಟ್‌ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮುಖ್ಯರು. ಸಮನಾದ ಎರಡು ಸಾಲು ಬಿಲ್ಲೆಗಳಲ್ಲಿ ಒಂದನ್ನು ಹಿರಿಯರೇ ಗಂಭೀರವಾಗಿ ಅಗಲಿಸಿಟ್ಟು 'ಯಾವುದರಲ್ಲಿ ಹೆಚ್ಚಿದೆ?' ಎಂದು ಕೇಳಿದರೆ ಚಿಕ್ಕ ಮಕ್ಕಳು ತಪ್ಪುತ್ತಾರೆ. ಅದೇ ಸಾಲನ್ನು ತುಂಟ ಕರಡಿಬೊಂಬೆಯೊಂದು ಬಂದು ಚೆಲ್ಲಾಪಿಲ್ಲಿ ಮಾಡಿತೆಂದು ನಟಿಸಿದರೆ, ಹೆಚ್ಚು ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಜೇಮ್ಸ್ ಮೆಕ್‌ಗ್ಯಾರಿಗಲ್‌ರೊಡನೆ 1974ರಲ್ಲಿ ಅವರು ಪ್ರಕಟಿಸಿದ ಈ ಪ್ರಯೋಗ ಪ್ರಸಿದ್ಧವಾಗಿದೆ. ದೊಡ್ಡವರು ಬೇಕೆಂದೇ ಮಾಡಿ ಕೇಳಿದ್ದರಲ್ಲಿ ಏನೋ ಬದಲಾಗಿರಲೇಬೇಕೆಂದು ಮಗು ಊಹಿಸುತ್ತದೆ. ಪ್ರಶ್ನೆಗೆ ಉತ್ತರಿಸುವ ಮೊದಲು ಪ್ರಶ್ನೆ ಕೇಳಿದವರ ಮುಖವನ್ನು ಓದುತ್ತದೆ. ನಮ್ಮ ತರಗತಿಗಳಲ್ಲಿ ಮಕ್ಕಳು ತಡವರಿಸುವಾಗ ಈ ಸಂಗತಿಯನ್ನು ಎಷ್ಟು ಜನ ನೆನೆಯುತ್ತಾರೆ?

ನೆರೆಯ ಹೈದರಾಬಾದಿನ ಮಕ್ಕಳನ್ನು ಕುರಿತು 1996ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಹತ್ತಿರದ್ದು. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಕೇಳಿದ ಮಕ್ಕಳು ಆ ಮಾತನ್ನು ಒಪ್ಪಿಕೊಂಡೂ, ಭೂಮಿಗೆ ಕೆಳಗೆ ನೀರಿನ ಆಸರೆ ಇದೆ ಎಂಬ ಕಲ್ಪನೆಯನ್ನು ಅದರೊಡನೆ ಬೆಸೆದುಕೊಂಡಿದ್ದರು. ನಮ್ಮ ಪುರಾಣಗಳ ಜಲರಾಶಿಯ ನೆನಪು ಕೇಳುಗರಿಗೆ ಬರದಿರದು. ಹೊಸ ತಿಳಿವಳಿಕೆ ಬರಿದಾದ ಹಲಗೆಯ ಮೇಲೆ ಬರೆದ ಅಕ್ಷರವಲ್ಲ. ಆಗಲೇ ಜನರು ವಾಸವಾಗಿರುವ ಮನೆಗೆ ಬಂದ ನೆಂಟ ಅದು. ಒಳಗಿರುವವರ ಜೊತೆ ಹೊಂದಿಕೊಂಡೇ ಅದು ಕೂರಬೇಕು.

ಈ ಹೊಂದಾಣಿಕೆಯ ಬಗೆಯನ್ನು ಎಲ್ಲರಿಗಿಂತ ಆಳವಾಗಿ ಕಂಡವನು ರಷ್ಯದ ಲೆವ್ ವಿಗೋಟ್‌ಸ್ಕಿ. ಪಿಯಾಜೆ ಹುಟ್ಟಿದ 1896ರಲ್ಲಿಯೇ ಹುಟ್ಟಿ, 1934ರಲ್ಲಿ, 37ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡವನು. ಆಡುವಾಗ ಮಗು ತನ್ನಷ್ಟಕ್ಕೆ ತಾನೇ ಮಾತನಾಡಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಬೆಳೆದಂತೆ ಅಳಿದುಹೋಗುವ ಬಾಲಿಶ ಮಾತೆಂದು ಪಿಯಾಜೆ ತಿಳಿದಿದ್ದ. ಅದು ಅಳಿಯುವುದಿಲ್ಲ, ಒಳಕ್ಕೆ ಇಳಿದು ಮೌನದ ಮಾತಾಗುತ್ತದೆ, ಅದನ್ನೇ ನಾವು ಯೋಚನೆ ಎನ್ನುತ್ತೇವೆ ಎಂದ ವಿಗೋಟ್‌ಸ್ಕಿ. ಮಗುವಿನ ಪರಿಕಲ್ಪನೆಗಳು ಎರಡು ಬಗೆ ಎಂದೂ ಅವನು ತೋರಿಸಿದ. ಬಾಳಿನಿಂದ ಬಂದವು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತವೆ. ಶಾಲೆಯಿಂದ ಬಂದವು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಎರಡೂ ಕೂಡಿದ ಕಡೆ ತಿಳಿವಳಿಕೆ.

ಕೆಮ್ಮಣ್ಣುಗುಂಡಿಯ ಎರಡು ಮಾತುಗಳಿಗೆ ಇದನ್ನು ಅನ್ವಯಿಸಿ ನೋಡೋಣ. ಕೈಗೆ ಅಂಟುವ, ಅಂಗಿಯ ಮೇಲೆ ಕಲೆ ಕಟ್ಟುವ ಕೆಮ್ಮಣ್ಣು ಮಗುವಿನ ಬಾಳಿನ ಮಾತು. ಕಬ್ಬಿಣದ ಆಕ್ಸೈಡ್ ಪಾಠದ ಮಾತು. ಎರಡನ್ನೂ ಕೂಡಿಸುವ ವಸ್ತು ಹಿತ್ತಿಲಲ್ಲೇ ಬಿದ್ದಿದೆ: ಮಳೆಗೆ ನೆನೆದು ತುಕ್ಕು ಹಿಡಿದ ಹಳೆಯ ಕುಡುಗೋಲು. ಅದರ ತುಕ್ಕನ್ನು ಬೆರಳಿಗೆ ಹಚ್ಚಿಕೊಂಡು ಬೆಟ್ಟದ ಮಣ್ಣಿನ ಪಕ್ಕಕ್ಕೆ ಹಿಡಿದು ನೋಡಿದ ಮಗುವಿಗೆ, ಈ ಮಣ್ಣಿನಲ್ಲಿ ಕಬ್ಬಿಣವಿದೆ ಎಂಬ ಮಾತು ಬರಿಯ ಶಬ್ದವಾಗಿ ಉಳಿಯುವುದಿಲ್ಲ. ಆ ಶಿಲೆಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲೆಂಬುದು ಅದಕ್ಕೆ ಆಮೇಲೆ, ಹನ್ನೆರಡರ ಆಚೆಗೆ, ಬೆರಗಾಗಿ ಬರಲಿ.

ಇಲ್ಲಿಯೇ ನಮ್ಮ ಕಾಲದ ಕಷ್ಟವೂ ಇದೆ. ಬಾಳಿನ ಮಾತು ಒಂದು ಭಾಷೆಯಲ್ಲಿಯೂ ಪಾಠದ ಮಾತು ಇನ್ನೊಂದು ಭಾಷೆಯಲ್ಲಿಯೂ ಬಂದಾಗ ಅವೆರಡೂ ಕೂಡುವ ದಾರಿ ಇನ್ನಷ್ಟು ದೂರವಾಗುತ್ತದೆ. ಮೊದಲ ನಾಲ್ಕು ತರಗತಿಗಳಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವಿರಬೇಕೆಂದು 1994ರಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿತು. ಸರ್ಕಾರ ಹಾಗೆ ಕಡ್ಡಾಯ ಮಾಡುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಯ್ಕೆಯ ಹಕ್ಕು ತಂದೆತಾಯಿಗಳದಾಯಿತು. ಹಾಗೆಯೇ ಹೊಣೆಯೂ ಅವರದಾಯಿತು. ಯಾವ ಮಾಧ್ಯಮದ ಶಾಲೆಗೆ ಕಳಿಸಿದರೂ ಮಗು ತನ್ನ ಮೌನದ ಮಾತನ್ನು ಯಾವ ಭಾಷೆಯಲ್ಲಿ ಆಡಿಕೊಳ್ಳುತ್ತದೋ ಆ ಭಾಷೆಯಲ್ಲಿ ಅದರೊಡನೆ ಮಾತನಾಡುವವರು ಮನೆಯಲ್ಲಿ ಒಬ್ಬರಾದರೂ ಇರಬೇಡವೆ?

ಭರವಸೆಯ ಕುರುಹುಗಳೂ ಇಲ್ಲದಿಲ್ಲ. 1975ರ ಅಕ್ಟೋಬರಿನಲ್ಲಿ ದೇಶದಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರಕ್ಕೆ ಬಂದಿತು. ಇಂದು ಅಂಗನವಾಡಿಯಿಲ್ಲದ ಊರು ವಿರಳ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ರೂಪಿಸಿದ 'ನಲಿ–ಕಲಿ' ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ತಾನು ಮೆಟ್ಟಿಲು ಏರುತ್ತದೆ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಪಿಯಾಜೆಯ ಹೆಸರನ್ನು ಎತ್ತದೆಯೂ ಅವನ ಮಾತನ್ನು ಹಳ್ಳಿಯ ಶಾಲೆಯ ನೆಲದ ಮೇಲೆ ಚಾಪೆ ಹಾಸಿ ಕೂರಿಸಿದ ಕೆಲಸ ಅದು. ಆದರೆ ಪದ್ಧತಿ ಎಷ್ಟು ಒಳ್ಳೆಯದಾದರೂ, ಕೇಳುವ ಕಿವಿ ಇಲ್ಲದಿದ್ದರೆ ಅದು ಕಪಾಟಿನ ಕಾರ್ಡುಗಳ ಕಟ್ಟಾಗಿಯೇ ಉಳಿಯುತ್ತದೆ.

ಒಂದು ಶತಮಾನದ ಈ ಶೋಧದಿಂದ ಸಾಮಾನ್ಯರಾದ ನಾವು ಮನೆಗೆ ಕೊಂಡೊಯ್ಯಬೇಕಾದದ್ದು ಬಹಳವಿಲ್ಲ. ಬೆಟ್ಟವನ್ನು ಯಾರೋ ಮಾಡಿದರು ಎಂದು ಮಗು ಹೇಳಿದಾಗ, 'ಯಾರು ಮಾಡಿದರು? ಹೇಗೆ ಮಾಡಿರಬಹುದು? ಮಣ್ಣನ್ನು ಎಲ್ಲಿಂದ ತಂದಿರಬಹುದು?' ಎಂದು ಇನ್ನೆರಡು ಪ್ರಶ್ನೆ ಕೇಳೋಣ. ಮೂರನೆಯ ಪ್ರಶ್ನೆಯ ಹೊತ್ತಿಗೆ ಮಗು ತನ್ನ ಉತ್ತರವನ್ನು ತಾನೇ ಅನುಮಾನಿಸತೊಡಗಿದರೆ, ಅನುಮಾನಿಸಲು ಅದಕ್ಕೆ ಸ್ವಲ್ಪ ಹೊತ್ತು ಕೊಡೋಣ. ಸರಿಯುತ್ತರ ಹೇಳುವ ಅವಸರ ನಮಗೆ ಬೇಡ. ಅದು ಪಠ್ಯಪುಸ್ತಕದಲ್ಲಿ ಹೇಗೂ ಇದೆ. ಮಗುವಿನ ಪ್ರಶ್ನೆಯಾದರೋ ನಾವು ಒಮ್ಮೆ ಗದರಿಸಿ ಕಳಿಸಿದರೆ ಮತ್ತೆ ಬಂದೀತೆಂಬ ಭರವಸೆ ಇಲ್ಲ.